ಬಾನಿ ಸಾಬಮ್ಮಂದು

ಶಹಾಬಾದ ಸ್ಟೇಷನ್ನಿನಿಂದ ಕಲ್ಲಿನ ಗಣಿಗಳ ಕಡೆ ನಡೆದರೆ ಬೇವಿನ ಮರದ ಮಗ್ಗುಲಿಗೆ ಒಂದು ಶೆಡ್ಡು ಸಿಗುತ್ತಿತ್ತು. ಮೂರು ಕಡೆ ಗೋಡೆ, ಒಂದು ಕಡೆ ಬಯಲು, ಮೇಲೆ ತುಕ್ಕು ಹಿಡಿದ ತಗಡು. ಗೊತ್ತಿಲ್ಲದವರು ದನದ ಕೊಟ್ಟಿಗೆ ಎಂದುಕೊಂಡು ಮುಂದೆ ಹೋಗುತ್ತಿದ್ದರು. ಗೊತ್ತಿದ್ದವರು ಇನ್ನೂ ಬಿರುಸಾಗಿ ಮುಂದೆ ಹೋಗುತ್ತಿದ್ದರು. ಯಾಕೆಂದರೆ ಒಳಗೆ ಬಸವಂತರಾಯ ಕೂತಿದ್ದರೆ ಕೈ ಹಿಡಿದು ಕೂಡಿಸಿಕೊಂಡು, ಈ ಶೆಡ್ಡಿನಲ್ಲಿ ತಾನು ಕಲ್ಲಿಗೆ ಕನ್ನಡಿಯ ಹೊಳಪು ತಂದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳದೆ ಬಿಡುತ್ತಿರಲಿಲ್ಲ.

ಕಥೆಯೇನೋ ಬುಡದಲ್ಲಿ ಸುಳ್ಳಲ್ಲ. ಹದಿನೆಂಟು ವರ್ಷದ ಹಿಂದೆ ಇಲ್ಲಿಯ ಫರಸಿ ಕಲ್ಲು ಗಣಿಯಿಂದ ಹೇಗೆ ಏಳುತ್ತಿತ್ತೋ ಹಾಗೆಯೇ ಮನೆಗಳ ನೆಲಕ್ಕೆ ಹೋಗುತ್ತಿತ್ತು. ನುಣುಪು ಬೇಕೆಂದರೆ ಇಬ್ಬರು ಆಳು ಎರಡು ದಿನ ಮೊಣಕಾಲೂರಿ ಒಂದು ಕಲ್ಲನ್ನು ಉಜ್ಜಬೇಕು. ಬಸವಂತರಾಯ ಸೇಡಂನಲ್ಲಿ ಮುಚ್ಚಿಹೋಗಿದ್ದ ಹತ್ತಿ ಜಿನ್ನಿನಿಂದ ಹಳೆಯ ಎಣ್ಣೆ ಇಂಜಿನ್ ತಂದ. ಅದಕ್ಕೆ ಚರ್ಮದ ಪಟ್ಟಾ ಕಟ್ಟಿ, ಬಂಡಿಯ ಗಾಲಿಯಷ್ಟು ದೊಡ್ಡ ಕಬ್ಬಿಣದ ತಟ್ಟೆಯನ್ನು ಕಲ್ಲಿನ ಮೇಲೆ ಗರಗರ ತಿರುಗಿಸಿದ. ನೋಡಿದವರು ಅದಕ್ಕೆ ಕಲ್ಲಿನ ಗಾಣ ಎಂದು ಹೆಸರಿಟ್ಟರು. ಈಗ ಶಹಾಬಾದಿನಿಂದ ಚಿತ್ತಾಪುರದವರೆಗೆ ಅಂಥ ಗಾಣಗಳು ಮೂವತ್ತರ ಮೇಲೆ ತಿರುಗುತ್ತಿವೆ. ಎಲ್ಲಕ್ಕಿಂತ ಮೊದಲು ತಿರುಗಿದ್ದು ಈ ಶೆಡ್ಡಿನಲ್ಲಿ, ಇಷ್ಟು ಖರೆ.

ಖರೆಗೆ ಒಂದಿಷ್ಟು ಒಗ್ಗರಣೆಯೂ ಬಿದ್ದಿತ್ತು. ಕಥೆ ಒಂದು ಘಟ್ಟಕ್ಕೆ ಬಂದಾಗ ಬಸವಂತರಾಯ ದನಿ ತಗ್ಗಿಸುತ್ತಿದ್ದ. “ಮೂರು ಕಲ್ಲು ಹಾಕಿದೆ, ಮೂರೂ ಒಡದು ಹೋಳಾದ್ವು ನೋಡ್ರಿ. ತಟ್ಟಿ ತಿರುಗಿದ್ರ ಕಿಡಿ ಹಾರ್ತಿತ್ತು, ಧೂಳಿನಾಗ ಒಬ್ಬರ ಮಾರಿ ಒಬ್ಬರಿಗೆ ಕಾಣ್ತಿರಲಿಲ್ಲ. ನಾಕನೇ ದಿನ ಮುಂಜಾನೆ ಜಳಕಾ ಮಾಡಿ ವಿಭೂತಿ ಹಚ್ಚಿಕೊಳ್ಳಾಕತ್ತಿದ್ದೆ. ಬೆರಳು ನೀರಾಗ ತೊಯ್ದಿತ್ತು, ವಿಭೂತಿ ಹಣಿ ಮ್ಯಾಲ ನುಣ್ಣಗ ಹರೀತು. ಥಟ್ಟನೆ ತಲ್ಯಾಗ ಹೊಳೀತು. ನೀರು! ಕಲ್ಲಿಗೂ ನೀರು ಬೇಕು!” ಕೇಳಿದವರು ಹೌದ್ರೀ ಹೌದ್ರೀ ಎಂದು ತಲೆ ತೂಗುತ್ತಿದ್ದರು. ಎಷ್ಟು ಸಲ ಹೇಳಿದ್ದನೆಂದರೆ, ಆ ಮುಂಜಾನೆಯ ವಿಭೂತಿಯ ತಂಪು ಬಸವಂತರಾಯನ ಹಣೆಗೆ ನಿಜವಾಗಿಯೂ ನೆನಪಿತ್ತು.

ಅವನ ಹೊಟ್ಟೆಯೊಳಗಿನ ಸಂಕಟವೇ ಬೇರೆ. ಗಾಣ ಕೂಡಿಸುವಾಗ ಅವನ ಅಪ್ಪ ಗುರುಲಿಂಗಪ್ಪ ಕಟ್ಟೆಯ ಮೇಲೆ ಕೂತು ಹೋಗುವವರಿಗೆ, ಬರುವವರಿಗೆ, “ನನ್ನ ಮಗ ಕಲ್ಲು ಅರದು ಎಣ್ಣಿ ತೆಗೀತಾನಂತ, ಗಿಂಡಿ ತರ್ರಿ” ಎಂದು ಹೇಳಿ ನಗಿಸುತ್ತಿದ್ದ. ಮೊದಲ ಕಲ್ಲು ಹೊಳೆಯುವುದಕ್ಕೆ ಎರಡು ತಿಂಗಳ ಮುಂಚೆ ಮುದುಕ ತೀರಿಕೊಂಡ. ನಗುತ್ತಲೇ ಹೋದ, ಮಗನ ಕೈಯಲ್ಲಿ ಆದದ್ದನ್ನು ನೋಡಲಿಲ್ಲ. ಅಂದಿನಿಂದ ಬಸವಂತರಾಯನಿಗೆ ಒಂದೇ ಆಸೆ. ಊರಿನವರ ಹೆಸರುಗಳೆಲ್ಲ ಅವನ ಗಾಣದ ಕಲ್ಲಿನ ಮೇಲೆ ಕೂತಿದ್ದವು, ಮನೆಯ ಬಾಗಿಲಲ್ಲಿ, ಬಾವಿಯ ಕಟ್ಟೆಯಲ್ಲಿ, ಮಠದ ಮೆಟ್ಟಿಲಲ್ಲಿ. ಅವನ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ತನ್ನ ಹೆಸರನ್ನು ತಾನೇ ಕೆತ್ತಿಸಿ ನಿಲ್ಲಿಸಿಕೊಳ್ಳುವಷ್ಟು ನಾಚಿಕೆಗೇಡಿ ಅವನಲ್ಲ. ಯಾರಾದರೂ ಬಂದು, ಇದು ಇಂಥವನಿಂದ ಆಯಿತು ಎಂದು ಬರೆದು ಹೋಗಬೇಕಿತ್ತು.

ಆ ಯಾರಾದರೂ ಕೊನೆಗೂ ಹೊರಟು ನಿಂತ. ಐವತ್ತೈದನೆಯ ಇಸವಿ, ತೊಗರಿ ರಾಶಿಯ ದಿನಗಳು. ಹೈದರಾಬಾದಿನ ಒಂದು ದಫ್ತರಿನಿಂದ ಅಬ್ದುಲ್ ಕರೀಮ್ ಎಂಬ ಅಧಿಕಾರಿಯ ಇಂಗ್ಲಿಷ್ ಕಾಗದ ಬಂತು. ಸ್ಟೇಷನ್ ಮಾಸ್ತರ ಓದಿ ಅರ್ಥ ಹೇಳಿದ. ನಮ್ಮ ಸೀಮೆಯಲ್ಲಿ ಯಾವ ಯಂತ್ರದ ಕೆಲಸ ಎಲ್ಲಿ ಮೊದಲಾಯಿತು ಎಂಬುದನ್ನು ಹುಡುಕಿ, ಆ ಜಾಗದಲ್ಲಿ ಒಂದೊಂದು ಕಲ್ಲು ನಿಲ್ಲಿಸುತ್ತಿದ್ದೇವೆ. ನಿಮ್ಮ ಶೆಡ್ಡು ನೋಡಲು ಬರುತ್ತೇನೆ. ಕಲ್ಲೂ ಕೆತ್ತುವವನೂ ಸಿದ್ಧ ಇರಲಿ. ಶುರು ಮಾಡಿದವರ ಹೆಸರು ನಮ್ಮ ಕಾಗದದಲ್ಲಿದೆ, ಅದನ್ನು ನೋಡಿ ಎದುರಿಗೆ ನಿಂತು ಕೆತ್ತಿಸುತ್ತೇನೆ.

ಬಸವಂತರಾಯ ಹಿಗ್ಗಿ ಹೀರೇಕಾಯಿಯಾದ. ಮನೆಗೆ ಬಂದವನೇ ಹೆಂಡತಿಗೆ ಮೂರು ಸಲ ಕಾಗದದ ಮಾತು ಹೇಳಿದ. ಚಂದಮ್ಮ ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ಹೆಸರು ಕಾಗದದಾಗ ಅದ ಅಂತಾರಲ್ಲ, ಅದು ಯಾವ ಕಾಗದರೀ?”

“ಐದು ವರ್ಷದ ಹಿಂದ ಒಬ್ಬ ಗುಮಾಸ್ತ ಬಂದು ಬರಕೊಂಡು ಹೋಗಲಿಲ್ಲೇನು, ಅದು.”

“ಅವತ್ತು ನೀವು ಹೆದರಿ ಏನೇನು ಹೇಳಿದ್ರೋ ನೆನಪದ ಏನು?”

“ಏ, ರೊಟ್ಟಿ ಸುಡಾಕತ್ತದ ನೋಡು” ಎಂದು ಬಸವಂತರಾಯ ಎದ್ದು ಹೋದ.

ಹೆದರಿದ್ದು ನಿಜ. ಆಗ ನಿಜಾಮನನ್ನು ಇಳಿಸಿದ ಪೊಲೀಸ್ ಆ್ಯಕ್ಷನ್ ಆಗಿ ಎರಡು ವರ್ಷ ಆಗಿತ್ತು. ಸರಕಾರ ಹೊಸದು, ಕಾಗದಗಳು ಮಾತ್ರ ಹಳೆಯ ಉರ್ದುವಿನವು. ಬರೆದುಕೊಂಡು ಹೋದದ್ದನ್ನೆಲ್ಲ ನಾಳೆ ಜಪ್ತಿ ಮಾಡುತ್ತಾರೆ ಎಂದು ಯಾರೋ ಪುಣ್ಯಾತ್ಮರು ಪೇಟೆಯಲ್ಲಿ ಗಾಳಿಸುದ್ದಿ ಹಬ್ಬಿಸಿದ್ದರು. ಅಂಥ ಹೊತ್ತಿನಲ್ಲಿ ಬಂದೇಅಲಿ ಎಂಬ ಗುಮಾಸ್ತ ಉದ್ದನೆಯ ಕಾಗದ ಹಿಡಿದು ಶೆಡ್ಡಿಗೆ ಬಂದ. ಬಸವಂತರಾಯ ಇಂಜಿನ್ ಹಳೆಯದೆಂದ, ಶೆಡ್ಡು ಬೀಳುವಂತಿದೆಯೆಂದ, ಗಾಣ ತಿರುಗಿದರೆ ತಿರುಗಿತು ಇಲ್ಲದಿದ್ದರೆ ಇಲ್ಲ ಎಂದ. ಕೊನೆಗೆ ಬಂದೇಅಲಿ ಲೇಖನಿಯನ್ನು ಮುಂದೆ ಚಾಚಿ ಕೇಳಿದ, “ಸೇಟ್, ಇಸ್ಕಾ ಬಾನಿ ಕೌನ್?”

ಲೇಖನಿಯ ತುದಿ ನೆಟ್ಟಗೆ ಇಂಜಿನ್ನಿನ ಪಕ್ಕದ ಬಾನಿಯ ಕಡೆಗಿತ್ತು. ಬಾನಿ ಎಂದರೆ ದನ ನೀರು ಕುಡಿಯುವ ಕಲ್ಲಿನ ತೊಟ್ಟಿ. ಒಂದೇ ಬಂಡೆಯಲ್ಲಿ ಕೊರೆದದ್ದು, ನಾಲ್ಕಾಳು ಕೂಡಿದರೂ ಅಲುಗದ್ದು. ಅದರಿಂದಲೇ ಸಣ್ಣ ಕೊಳವೆಯಲ್ಲಿ ಗಾಣಕ್ಕೆ ನೀರು ಬೀಳುತ್ತಿತ್ತು. ಅಷ್ಟು ಒಳ್ಳೆಯ ಬಾನಿಯ ಮೇಲೆ ಸರಕಾರದ ಕಣ್ಣು ಬಿತ್ತಲ್ಲಪ್ಪ ಎಂದು ಬಸವಂತರಾಯನ ಎದೆ ಧಸಕ್ಕೆಂದಿತು. ಅವನಿಗೆ ಗೊತ್ತಿದ್ದದ್ದು ಸಂತೆಯ ಉರ್ದು, ಎತ್ತು ಕೊಳ್ಳುವಷ್ಟು, ಕಲ್ಲು ಮಾರುವಷ್ಟು.

“ಬಾನಿ? ಬಾನಿ ಮೇರಾ ನೈ ಸಾಬ್. ನಂದಲ್ಲ! ಬಾನಿ ಸಾಬಮ್ಮಂದು!”

“ಸಾಬಮ್ಮ?” ಬಂದೇಅಲಿ ಹುಬ್ಬೇರಿಸಿದ. “ಪಕ್ಕಾ?”

“ಪಕ್ಕಾ! ಸಾಬಮ್ಮಂದು!”

ಸಾಬಮ್ಮ ಆಗ ಕೊಡ ಹೊತ್ತು ಅಲ್ಲಿಯೇ ನಿಂತಿದ್ದಳು. ಶೆಡ್ಡಿಗೆ ನೀರು ತರುವ, ಮರಳು ಸೋಸುವ ಹೆಂಗಸು, ಶೆಡ್ಡು ಶುರುವಾದಾಗಿನಿಂದ ಇದ್ದವಳು. ಬಂದೇಅಲಿ ಅವಳ ಕಡೆ ತಿರುಗಿ, ಯಾಕೋ ಏನೋ, ಹಣೆಗೆ ಕೈ ಹಚ್ಚಿ ಸಲಾಮು ಮಾಡಿದ. ಅವಳು ಕೊಡ ಬೀಳಿಸುವುದೊಂದು ಬಾಕಿ. ಬಸವಂತರಾಯ ತನಗೆ ಓದಲು ಬಾರದ ಉರ್ದು ಕಾಗದದ ಕೆಳಗೆ ಕನ್ನಡದಲ್ಲಿ ಸಹಿ ಮಾಡಿದ. ಗುಮಾಸ್ತ ಹೋದ ಮೇಲೆ ಅಂಗಿಯ ತುದಿಯಿಂದ ಬೆವರು ಒರೆಸಿಕೊಂಡ. ಬಾನಿ ಉಳಿಯಿತು, ಮಾತು ಮರೆತು ಹೋಯಿತು.

ಈಗ ಸಾಹೇಬರು ಬರುವ ಹಿಂದಿನ ದಿನ ಶೆಡ್ಡು ತೊಳೆಯುವ ಗದ್ದಲ. ಗೋಡೆಗೆ ಸುಣ್ಣ ಬಿತ್ತು, ತಗಡಿಗೆ ಮಾವಿನ ತೋರಣ ಏರಿತು. ಬಾನಿಯ ಮೈತುಂಬ ಪಾಚಿ, ಅಂಚಿನಲ್ಲಿ ಒಂದು ಕಡೆ ತಗ್ಗು ಬೇರೆ. ಬಸವಂತರಾಯ ಮೂಗು ಮುರಿದ.

“ಸಾಹೇಬ್ರ ಕಣ್ಣಿಗೆ ಇದೇನು ಹೊಲಸು! ಹಿಂದಕ ಸರಸ್ರಿ.”

ಸಾಬಮ್ಮ ಬಾಗಿ ಪಾಚಿ ತಿಕ್ಕುತ್ತಿದ್ದಳು. “ಇರ್ಲಿ ಬಿಡ್ರಿ ಸಾವಕಾರ್ರ. ನಾ ಛಲೋ ತೊಳದು ಇಡ್ತೀನಿ.”

“ತೊಳದ್ರ ದನದ ಬಾನಿ ಬಂಗಾರದ ಹಂಡೆ ಆಗ್ತದೇನು?”

ಸರಿಸುವುದು ಆಗದ ಮಾತು, ಆದ್ದರಿಂದ ಅದರ ಮೇಲೆ ಮನೆಯ ಜಮಖಾನೆ ಹೊದಿಸಿದರು. ಜಮಖಾನೆಯ ಒಂದು ಮೂಲೆ ಸೊಟ್ಟಗೆ ಬಿದ್ದಿತ್ತು, ಸಾಬಮ್ಮ ಅದನ್ನು ನೆಟ್ಟಗೆ ಮಾಡಿ ಹೋದಳು.

ಕೆತ್ತುವವನು ಕಾಶಪ್ಪ. ಸಾಬಮ್ಮನ ತಮ್ಮ, ಗುಂಡಗುರ್ತಿಯವನು, ಉಳಿ ಹಿಡಿದರೆ ಅಕ್ಷರ ಮುತ್ತಿನಂತೆ ಬೀಳುತ್ತಿದ್ದವು. ನೀಲಿ ಕಲ್ಲೊಂದನ್ನು ಆರಿಸಿ, ಗಾಣಕ್ಕೆ ಕೊಟ್ಟು, ಮೋಡ ಕಾಣುವಷ್ಟು ಹೊಳಪು ತಂದು ಶೆಡ್ಡಿನ ಬಾಯಿಗೆ ನಿಲ್ಲಿಸಿದ್ದರು. ಸಾಹೇಬರು ಬಂದ ಮೇಲೆ ತಡವಾಗಬಾರದು ನೋಡಿ ಎಂದು ಬಸವಂತರಾಯ ಕಾಶಪ್ಪನಿಂದ ಇದ್ದಿಲಿನಲ್ಲಿ ಅಕ್ಷರ ಬರೆಯಿಸಿಯೇ ಬಿಟ್ಟ. ಬಸವಂತರಾಯ ಗುರುಲಿಂಗಪ್ಪ. ದೂರ ನಿಂತು ನೋಡಿದ, ಹತ್ತಿರ ಬಂದು ನೋಡಿದ. ಅಪ್ಪನ ಹೆಸರೂ ತನ್ನ ಬೆನ್ನಿಗೆ ಕೂತಿತ್ತು. ಅಪ್ಪಾ, ಈಗ ನಗು ನೋಡೋಣ, ಎಂದುಕೊಂಡ.

ಮರುದಿನ ವಾಡಿಯ ಕಡೆಯಿಂದ ಬಂದ ಮುಂಜಾನೆಯ ಗಾಡಿಯಲ್ಲಿ ಅಬ್ದುಲ್ ಕರೀಮ್ ಸಾಹೇಬರು ಇಳಿದರು. ಸಣಕಲು ಮೈ, ಕಂಕುಳಲ್ಲಿ ಕೊಡೆ. ಹಿಂದೆ ಫೈಲು ಹೊತ್ತ ಅದೇ ಬಂದೇಅಲಿ. ಅವನನ್ನು ಕಂಡು ಬಸವಂತರಾಯನಿಗೆ ಖುಷಿಯೇ ಆಯಿತು, ಬರೆದುಕೊಂಡವನೇ ಬಂದನಲ್ಲ ಎಂದು. ಸಾಹೇಬರು ಹಾರ ಹಾಕಿಸಿಕೊಂಡರು, ತೆಗೆದು ಬಂದೇಅಲಿಯ ಕೈಗೆ ಕೊಟ್ಟರು. ಶೆಡ್ಡಿನ ಹೊಸ್ತಿಲ ಹತ್ತಿರ ನಿಂತು ಬೂಟು ಬಿಚ್ಚಿದರು.

“ಬೂಟು ಇರ್ಲಿರೀ ಸಾಹೇಬ್ರ, ನೆಲ ಕಲ್ಲಿಂದು, ತಂಪದ” ಎಂದ ಬಸವಂತರಾಯ.

“ನಾನೂ ಸೇಡಂದವನೇ ರೀ. ನಮ್ಮ ಮನ್ಯಾಗೂ ನಿಮ್ಮ ಕಲ್ಲೇ ಅದಾವ” ಎಂದರು ಸಾಹೇಬರು. “ದೊಡ್ಡ ಕಾರ್ಖಾನಿ ಭಾಳ ನೋಡೀನಿ. ಅವುಗಳ ಚಿಮಣಿ ನಾಕು ಹರದಾರಿಯಿಂದ ಕಾಣ್ತಾವ, ಅವಕ್ಕ ನಮ್ಮ ಕಲ್ಲು ಯಾಕ ಬೇಕು? ಇಂಥಾ ಜಾಗ ಮರೆತು ಹೋಗ್ತಾವ. ಇದು ಹುಟ್ಟಿದ ಮನಿ. ಬೂಟು ಹಾಕ್ಕೊಂಡು ಹ್ಯಾಂಗ ಬರ್ಲಿ?”

ಬಸವಂತರಾಯನ ಕಣ್ಣು ಒದ್ದೆಯಾದವು. ಹದಿನೆಂಟು ವರ್ಷದಲ್ಲಿ ಈ ಶೆಡ್ಡಿಗೆ ಬರಿಗಾಲಲ್ಲಿ ಬಂದವರು ಕೂಲಿಯವರು ಮಾತ್ರ. ಸಾಹೇಬರು ಇಂಜಿನ್ ಮುಟ್ಟಿ ನೋಡಿದರು, ಸವೆದ ಪಟ್ಟಾ ಎತ್ತಿ ನೋಡಿದರು, ಮೊದಲ ಕಬ್ಬಿಣದ ತಟ್ಟೆಯನ್ನು ಅಂಗೈಯಿಂದ ಸವರಿದರು. ಆಮೇಲೆ ಫೈಲು ಬಿಚ್ಚಿಸಿ, ಕನ್ನಡಕ ಏರಿಸಿ, ಸುತ್ತ ನೋಡಿದರು.

“ಸಾಬಮ್ಮನವರು ಎಲ್ಲಿ ಅದಾರ?”

ಯಾರಿಗೂ ಮಾತು ತಿಳಿಯಲಿಲ್ಲ. ಸಾಬಮ್ಮ ಮರಳಿನ ಗುಡ್ಡೆಯ ಹಿಂದೆ ನಿಂತಿದ್ದಳು. ನೀರು ಬೇಕಾಗಿರಬೇಕು ಎಂದು ತಂಬಿಗೆ ಹಿಡಿದು ಮುಂದೆ ಬಂದಳು.

“ಬರ್ರಿ ತಾಯಿ” ಎಂದು ಸಾಹೇಬರು ಕೈ ಮುಗಿದರು. “ಈ ಎಲ್ಲಾ ಶುರು ಮಾಡಿದವ್ರು ನೀವೇ ಅಂತ ನಮ್ಮ ಕಾಗದದಾಗ ಅದ. ಕಲ್ಲಿನ ಮ್ಯಾಲ ನಿಮ್ಮ ಹೆಸರು ಕೆತ್ತಿಸಾಕ ಬಂದೀನಿ.”

ಸಾಬಮ್ಮ ತಂಬಿಗೆ ಹಿಡಿದೇ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಬಸವಂತರಾಯನ ಮುಖ ಇಷ್ಟಾಯಿತು.

“ಯಾರ ಹೆಸರ್ರೀ? ಸಾಹೇಬ್ರ, ಏನೋ ತಪ್ಪಾಗ್ಯದ! ಆಕಿ ನೀರು ಹೊರಾಕಿ!”

ಬಂದೇಅಲಿಗೆ ಸಿಟ್ಟು ಬಂತು. ತಾನು ಬರೆದದ್ದನ್ನು ತಪ್ಪೆಂದರೆ ಯಾವ ಗುಮಾಸ್ತ ಸುಮ್ಮನಿದ್ದಾನು? ಕಾಗದ ಹೊರತೆಗೆದು ಬೆರಳಿಟ್ಟು, ಈ ಐದು ವರ್ಷದಲ್ಲಿ ಕಲಿತ ಹರಕು ಕನ್ನಡದಲ್ಲಿ ಹೇಳಿದ. “ನಾ ಕೇಳ್ದೆ, ಇವ್ರು ಹೇಳ್ದ್ರು. ಎರಡ್ ಸಲ ಕೇಳ್ದೆ, ಪಕ್ಕಾ ಅಂದ್ರು. ಇಲ್ಲಿ ಬಾನಿ, ಮುಂದೆ ಸಾಬಮ್ಮ. ಕೆಳಗ ಇವ್ರದೇ ಸಹಿ.”

ಸಹಿ ತನ್ನದೇ. ಬಸವಂತರಾಯ ಕಾಗದವನ್ನೇ ದಿಟ್ಟಿಸಿದ. ಬಾನಿ ಎಂಬ ಮಾತು ಕಿವಿಗೆ ಬಿದ್ದದ್ದೇ ಐದು ವರ್ಷದ ಹಿಂದಿನ ಆ ದಿನ ಬೆವರಿನ ಸಮೇತ ನೆನಪಾಯಿತು. ಎರಡೇ ಹೆಜ್ಜೆಗೆ ಹೋಗಿ ಜಮಖಾನೆ ಕಿತ್ತು ಎಸೆದ.

“ಬಾನಿ ಇದರೀ ಯಪ್ಪಾ! ಇದು! ದನ ನೀರು ಕುಡಿಯೋ ಬಾನಿ! ಇದು ಯಾರ್ದು ಅಂತ ಕೇಳ್ಯಾರ ತಿಳಕೊಂಡು, ಸಾಬಮ್ಮಂದು ಅಂದೀನಿ!”

ಸಾಹೇಬರು ಬಾನಿಯನ್ನು ನೋಡಿದರು, ಕಾಗದವನ್ನು ನೋಡಿದರು, ಬಂದೇಅಲಿಯನ್ನು ನೋಡಿದರು. ಆಮೇಲೆ ಕೊಡೆ ಕೆಳಗೆ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅಯ್ಯೋ ಬಸವಂತರಾಯರ! ನಮ್ಮ ಉರ್ದುದಾಗ ಬಾನಿ ಅಂದ್ರ ಒಂದು ಕೆಲಸ ಹುಟ್ಟಿಸಿದವ, ಬುನಾದಿ ಹಾಕಿದವ. ಈ ಬಂದೇಅಲಿ ಹೈದರಾಬಾದದವ, ಅವಗ ನಿಮ್ಮ ಬಾನಿ ಏನು ಗೊತ್ತು? ನಿಮಗ ಅವನ ಬಾನಿ ಏನು ಗೊತ್ತು?”

ಶೆಡ್ಡಿಗೆ ಶೆಡ್ಡೇ ನಕ್ಕಿತು. ಚಂದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಆತುಕೊಂಡಳು. ಬಸವಂತರಾಯನೂ ನಕ್ಕ, ಜೀವ ಮರಳಿ ಬಂದವನ ನಗು ಅದು. ಸಾಬಮ್ಮ ಒಬ್ಬಳೇ ನಗಲಿಲ್ಲ. ಬಾನಿಯ ಅಂಚಿಗೆ ಅಂಟಿದ್ದ ಜಮಖಾನೆಯ ಎಳೆಯೊಂದನ್ನು ಕೀಳುತ್ತಿದ್ದಳು.

ಸಾಹೇಬರು ಕಣ್ಣೊರೆಸಿಕೊಂಡು ಲೇಖನಿ ತೆಗೆದರು. “ಚಿಂತಿ ಬ್ಯಾಡ. ಈ ಹೆಸರು ಹೊಡದು ನಿಮ್ಮ ಹೆಸರು ಬರೀತೀನಿ, ಎರಡು ನಿಮಿಷದ ಕೆಲಸ. ಆದ್ರ ಒಂದು ಹೇಳ್ರಿ. ಕಲ್ಲು ಉಜ್ಜೋ ಶೆಡ್ಡಿನಾಗ ಸಾಬಮ್ಮನ ಬಾನಿ ಯಾಕ ಬಂತು?”

ಕೇಳಬೇಕೇ! ಬಸವಂತರಾಯನಿಗೆ ತನ್ನ ಕಥೆ ಹೇಳುವ ಹೊತ್ತು ಬಂದಿತ್ತು. ಗಂಟಲು ಸರಿಮಾಡಿಕೊಂಡು ಶುರು ಮಾಡಿದ. ಇಂಜಿನ್ ತಂದದ್ದು ಹೇಳಿದ, ಅಪ್ಪ ಗಿಂಡಿ ತರ್ರಿ ಎಂದು ನಕ್ಕದ್ದು ಹೇಳಿದ, ಮೂರು ಕಲ್ಲು ಒಡೆದದ್ದು ಹೇಳಿದ. “ನಾಕನೇ ದಿನ ಮುಂಜಾನೆ ಜಳಕಾ ಮಾಡಿ ವಿಭೂತಿ ಹಚ್ಚಿಕೊಳ್ಳಾಕತ್ತಿದ್ದೆ...”

ಅಲ್ಲಿಗೆ ಬಂದವನು ನಿಂತ. ಹದಿನೆಂಟು ವರ್ಷ ಈ ಕಥೆಯನ್ನು ಊರಿಗೆಲ್ಲ ಹೇಳಿದ್ದ, ಸಾಬಮ್ಮನ ಎದುರಿಗೆ ನಿಂತು ಅವಳ ಮುಖ ನೋಡುತ್ತ ಒಮ್ಮೆಯೂ ಹೇಳಿರಲಿಲ್ಲ. ಅವಳು ಯಾವಾಗಲೂ ಬೆನ್ನ ಹಿಂದೆ ಎಲ್ಲೋ ಮರಳು ಸೋಸುತ್ತಿರುತ್ತಿದ್ದಳು. ಇವತ್ತು ಎದುರಿಗೇ ಇದ್ದಳು. ಅವಳ ಕೈ ಬಾನಿಯ ಅಂಚಿನ ಆ ತಗ್ಗಿನ ಮೇಲಿತ್ತು.

ಆ ತಗ್ಗು ಕುಡುಗೋಲು ಮಸೆದು ಮಸೆದು ಬಿದ್ದದ್ದು. ಬಸವಂತರಾಯನಿಗೆ ಅದು ಗೊತ್ತಿತ್ತು. ಮರೆತಿದ್ದ ಎಂದರೂ ಸರಿ, ಮರೆಯಬೇಕೆಂದು ಮರೆತಿದ್ದ ಎಂದರೂ ಸರಿ. ಮೂರನೆಯ ಕಲ್ಲು ಒಡೆದ ದಿನ ಅವನು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ, ಕಲ್ಲು ಹೊರಲು ಬಂದಿದ್ದ ಹರೆಯದ ಹೆಂಗಸೊಬ್ಬಳು ದೂರದಿಂದಲೇ ಹೇಳಿದ್ದಳು: ಒಣಾ ಕಲ್ಲಿಗೆ ಕುಡುಗೋಲು ಹಚ್ಚಿದ್ರ ಬಾಯಿ ಹೋಗ್ತದ್ರೀ ಸಾವಕಾರ್ರ, ನಾವು ನೀರು ಬಿಟ್ಟು, ಉಸುಕು ಹಾಕಿ ಮಸೀತೀವಿ, ನಮ್ಮ ಬಾನಿ ಅಂಚು ಬಂದು ನೋಡ್ರಿ, ಮಾರಿ ಕಾಣ್ತದ. ಏ ಹೋಗ, ಇಂಜಿನ್ನಿನ ಮುಂದ ನಿನ್ನ ಕುಡುಗೋಲು ತರಬ್ಯಾಡ, ಎಂದು ಗದರಿದ್ದ. ಮರುದಿನ ಅವಳು ಓಣಿಯ ಎಂಟು ಆಳು ಹಚ್ಚಿ, ಗಂಡನ ಬಂಡಿಯಲ್ಲಿ ಬಾನಿಯನ್ನೇ ಹೇರಿಸಿಕೊಂಡು ಬಂದಿದ್ದಳು. ತವರಿನಲ್ಲಿ ಅಪ್ಪ ಕೊರೆದು ಮದುವೆಗೆ ಕೊಟ್ಟ ಬಾನಿ. ಅದರ ಬುಡಕ್ಕೆ ತೂತು ಹಾಕಲು ಒಪ್ಪಿದ್ದಳು. ಮರಳನ್ನು ತನ್ನ ಹಳೆಯ ಸೀರೆಯಲ್ಲಿ ಸೋಸಿ ಕೊಟ್ಟಿದ್ದಳು. ಅಂದು ಸಂಜೆಯೇ ಕಲ್ಲು ಹೊಳೆದಿತ್ತು. ಕುಣಿಕುಣಿದು ಕಲ್ಲಿನಲ್ಲಿ ತನ್ನ ಮುಖ ನೋಡಿಕೊಂಡ ಬಸವಂತರಾಯ ಆ ಬಾನಿಯನ್ನು ಅವಳಿಗೆ ತಿರುಗಿ ಕೊಡಲೂ ಇಲ್ಲ.

“ವಿಭೂತಿ ಹಚ್ಚಿಕೊಳ್ಳಾಕತ್ತಿದ್ರಿ, ಆಮ್ಯಾಲ?” ಎಂದರು ಸಾಹೇಬರು.

ಬಸವಂತರಾಯ ಬಾನಿಯ ತಗ್ಗಿನ ಕಡೆಯೇ ನೋಡುತ್ತಿದ್ದ. ಅಷ್ಟರಲ್ಲಿ ಸಾಬಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು.

“ಬೆರಳು ನೀರಾಗ ತೊಯ್ದಿತ್ತರೀ. ವಿಭೂತಿ ನುಣ್ಣಗ ಹರೀತು. ಸಾವಕಾರ್ರಿಗೆ ತಲ್ಯಾಗ ಹೊಳೀತರೀ, ಕಲ್ಲಿಗೂ ನೀರು ಬೇಕಂತ. ನನ್ನ ಬಾನಿ ಅಂದ್ರ ಬರೇ ನೀರು ಇಡಾಕ ತಂದದ್ದು.”

ಅವನ ಕಥೆಯನ್ನು ಅವಳು ಅಕ್ಷರ ತಪ್ಪದೆ ಒಪ್ಪಿಸಿಬಿಟ್ಟಿದ್ದಳು. ಬೆನ್ನ ಹಿಂದೆ ನಿಂತು ಅದೆಷ್ಟು ಸಲ ಕೇಳಿಸಿಕೊಂಡಿದ್ದಳೋ! ಸಾಹೇಬರು ಹೌದಾ ಎಂದು ತಲೆಯಾಡಿಸಿ, ಕಾಗದದ ಮೇಲೆ ಲೇಖನಿ ಇಟ್ಟರು. ಕಾಶಪ್ಪ ಉಳಿ ಎತ್ತಿಕೊಂಡ. ಇನ್ನೇನು, ಬಸವಂತರಾಯ ಸುಮ್ಮನಿದ್ದರೆ ಸಾಕಿತ್ತು. ಅವನು ಬಾಯಿ ಬಿಟ್ಟು ಸುಳ್ಳು ಹೇಳುವುದೂ ಬೇಕಿರಲಿಲ್ಲ, ಅವನ ಪಾಲಿನ ಸುಳ್ಳನ್ನೂ ಅವಳೇ ಹೊತ್ತಿದ್ದಳು.

“ಸಾಬಮ್ಮ” ಎಂದ ಬಸವಂತರಾಯ. ದನಿ ಅವನದಲ್ಲ ಎನ್ನುವಂತೆ ಬಂತು. “ಹಂಗ್ಯಾಕ ಹೇಳ್ದಿ?”

ಅವಳಿಗೆ ಮುಜುಗರವಾಯಿತು. ಸಾಹೇಬರ ಕಡೆ ನೋಡಿ, ಚಂದಮ್ಮನ ಕಡೆ ನೋಡಿ, ಕೊನೆಗೆ ಬಾನಿಯ ಕಡೆ ನೋಡಿ ಹೇಳಿದಳು.

“ಅವತ್ತು ನೀವು ಸರಕಾರದವ್ರ ಮುಂದ ಬಾನಿ ಸಾಬಮ್ಮಂದು ಅಂದ್ರಲ್ರೀ. ಎರಡು ಸಲ ಅಂದ್ರಿ. ನನ್ನಪ್ಪ ಕೊಟ್ಟ ಬಾನಿ, ಇಷ್ಟು ವರ್ಷ ಆತು, ಎಲ್ಲಾರೂ ಸಾವಕಾರ್ರ ಬಾನಿ ಅಂತಿದ್ರು. ಸಾವಕಾರ್ರಿಗೆ ನೆನಪದ ಅಂತ ನನಗ ಅವತ್ತು ಭಾಳ ಸಮಾಧಾನ ಆಗಿತ್ತರೀ. ಅಷ್ಟು ಸಾಕು ನನಗ. ಕಲ್ಲಿನ ಮ್ಯಾಲ ಹೆಸರು ತಗೊಂಡು ನಾ ಏನು ಮಾಡ್ಲಿ, ಓದಾಕ ಬರಂಗಿಲ್ಲ.”

ಬಸವಂತರಾಯನಿಗೆ ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು. ಜಪ್ತಿಗೆ ಹೆದರಿ, ಕೈ ತೊಳೆದುಕೊಳ್ಳಲು ಆಡಿದ ಮಾತು. ಅದನ್ನು ಇವಳು ಐದು ವರ್ಷ ಉಡಿಯಲ್ಲಿ ಕಟ್ಟಿಕೊಂಡು ತಿರುಗಿದ್ದಳು. ಥೂ ನನ್ನ, ಎಂದುಕೊಂಡ. ನಾಚಿಕೆಯಾಯಿತು. ನಾಚಿಕೆಯ ಜೊತೆಗೇ ಆಸೆಯೂ ಇತ್ತು, ಅದೇನು ಸುಲಭಕ್ಕೆ ಸಾಯುವ ಆಸೆಯೇ? ನೀಲಿ ಕಲ್ಲಿನ ಮೇಲೆ ಇದ್ದಿಲಿನ ಅಕ್ಷರ ಕಪ್ಪಗೆ ಎದ್ದು ಕಾಣುತ್ತಿದ್ದವು. ಬಸವಂತರಾಯ ಗುರುಲಿಂಗಪ್ಪ. ಅಪ್ಪ ಇನ್ನೊಮ್ಮೆ ನಗುತ್ತಾನೆ, ನಗಲಿ.

ಅವನು ಬಾನಿಯ ಹತ್ತಿರ ಹೋದ. ಎರಡೂ ಕೈ ನೀರಿನಲ್ಲಿ ಅದ್ದಿದ. ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಗೈಯಿಂದ ಉಜ್ಜಿದ. ಮೊದಲು ತನ್ನ ಹೆಸರು ಹೋಯಿತು. ಅಪ್ಪನ ಹೆಸರಿನ ಮೇಲೆ ಕೈ ಒಂದು ಗಳಿಗೆ ನಿಂತಿತು, ಆಮೇಲೆ ಅದೂ ಹೋಯಿತು. ಕರಿ ನೀರು ಹರಿದು ನೆಲಕ್ಕೆ ಬಿತ್ತು.

“ವಿಭೂತಿ ಸುಳ್ಳರೀ ಸಾಹೇಬ್ರ” ಎಂದ, ತಿರುಗಿ ನೋಡದೆ. “ಅವತ್ತು ನಾ ಜಳಕಾ ಸುದ್ದಾ ಮಾಡಿರಲಿಲ್ಲ. ನೀರು ಹೇಳಿದಾಕಿ ಈಕಿ, ಉಸುಕು ಹೇಳಿದಾಕಿ ಈಕಿ. ಇಂಜಿನ್ ನಂದು, ಗಾಣ ನಂದು. ನೀರಿಲ್ಲದ ಗಾಣ ಕಲ್ಲು ಒಡೀತಿತ್ತು, ಅಷ್ಟೇ. ನಿಮ್ಮ ಕಾಗದ ತಿದ್ದಬ್ಯಾಡ್ರಿ. ಅದು ಸರಿ ಅದ.”

ಚಂದಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಸಾಹೇಬರು ಲೇಖನಿಯನ್ನು ಜೇಬಿಗೆ ಹಾಕಿದರು. ಬಂದೇಅಲಿ ಮಾತ್ರ, ನಾನು ಹೇಳಲಿಲ್ಲವೇ ಎನ್ನುವಂತೆ ಎದೆ ಉಬ್ಬಿಸಿದ.

“ಮತ್ತ ಏನು ಕೆತ್ತಲ್ರೀ?” ಕಾಶಪ್ಪ ಉಳಿ ಹಿಡಿದು ಕೇಳಿದ.

“ಕಾಗದದಾಗ ಇದ್ದದ್ದೇ ಕೆತ್ತು. ಬಾನಿ, ಸಾಬಮ್ಮ.”

“ಕನ್ನಡದವ್ರು ಓದಿದ್ರ ತೊಟ್ಟಿ ಅಂತಾರ, ಉರ್ದುದವ್ರು ಓದಿದ್ರ ಶುರು ಮಾಡಿದಾಕಿ ಅಂತಾರ” ಎಂದರು ಸಾಹೇಬರು. “ಎರಡೂ ಖರೇನ ಅದ. ಕೆತ್ತಪಾ.”

ಬ್ಯಾಡ್ರಿ ಬ್ಯಾಡ್ರಿ ಎಂದ ಸಾಬಮ್ಮನ ಮಾತನ್ನು ಯಾರೂ ಕೇಳಲಿಲ್ಲ. ಕಾಶಪ್ಪ ಕೂತು ಕೆತ್ತಿದ. ಮಧ್ಯಾಹ್ನದವರೆಗೆ ಉಳಿಯ ಸದ್ದು. ಊಟಕ್ಕೆ ಎಬ್ಬಿಸಿದರೆ ಸಾಹೇಬರು ಏಳಲೊಲ್ಲರು, ಚಂದಮ್ಮ ಬದನೆಕಾಯಿ ಎಣಗಾಯಿ, ರೊಟ್ಟಿಯನ್ನು ಶೆಡ್ಡಿಗೇ ತಂದು ಬಡಿಸಿದಳು. ಕೆಲಸ ಮುಗಿದಾಗ ಸಾಬಮ್ಮ ತಂಬಿಗೆಯಿಂದ ನೀರು ಹಾಕಿ ಕಲ್ಲಿನ ಪುಡಿ ತೊಳೆದಳು. ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು. ಆಮೇಲೆ ಕಲ್ಲಿನ ಕೆಳಗಿನ ತುದಿಯವರೆಗೂ ತಡವಿ ನೋಡಿ, ಬಸವಂತರಾಯನ ಕಡೆ ತಿರುಗಿದಳು.

“ಸಾವಕಾರ್ರ, ಇದರಾಗ ನಿಮ್ಮ ಹೆಸರು ಯಾವುದ್ರೀ?”

ಬಸವಂತರಾಯನ ಎದೆಯಲ್ಲಿ ಚುಳುಕ್ ಎಂದದ್ದು ನಿಜ. ಅಷ್ಟು ಹೊತ್ತಾದರೂ ಆ ಹೆಸರಿನ ಆಸೆ ಹೋಗಿರಲಿಲ್ಲ.

“ಇದರಾಗ ಇಲ್ಲವ್ವ.”

“ಮತ್ತ ಎಲ್ಲದ?”

ಬಸವಂತರಾಯ ಬಂದೇಅಲಿಯ ಕಂಕುಳಲ್ಲಿದ್ದ ಫೈಲಿನ ಕಡೆ ಕೈ ತೋರಿಸಿದ.

“ಅಲ್ಲದ, ಆ ಕಾಗದದ ಕೆಳಗ. ಬಾನಿ ಸಾಬಮ್ಮಂದು ಅಂತ ಸಹಿ ಮಾಡೀನಿ. ನಾ ಸಾಕ್ಷಿ ಅದೀನಿ.”